ಕೂತು ಮಾಡುವ ಕೆಲಸ

ಕುರ್ಚಿಯ ಆಸೆಗೆ ಬಿದ್ದವರ ಕತೆ ಎಂದರೆ ಜನ ರಾಜಕಾರಣದ ಕತೆ ಎಂದುಕೊಳ್ಳುತ್ತಾರೆ. ಇದು ಹಾಗಲ್ಲ. ಈ ಕತೆಯ ಹೆಂಗಸಿಗೆ ಬೇಕಿದ್ದದ್ದು ನಿಜವಾದ ಕುರ್ಚಿ. ಕಾಲು ನಾಲ್ಕಿದ್ದು ಒರಗಲು ಬೆನ್ನಿದ್ದರೆ ಸಾಕು. ಕೈಯಿದ್ದರೆ ಸಂತೋಷ, ಇಲ್ಲದಿದ್ದರೂ ನಡೆಯುತ್ತದೆ.

ಮನೆಯಲ್ಲಿ ತಂಗಿಯರು ಕರೆಯುತ್ತಿದ್ದ 'ದೊಡ್ಡಕ್ಕ' ಎಂಬ ಹೆಸರು ಕೆಲಸದ ಜಾಗಕ್ಕೂ ಅವಳ ಬೆನ್ನು ಹತ್ತಿ ಬಂದಿತ್ತು. ಅವಳಿಗಿಂತ ವಯಸ್ಸಾದ ಮೇಲ್ವಿಚಾರಕರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಕೆಲಸ ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ವಿಭಾಗದಲ್ಲಿ, ಹಾಸಿಗೆಯ ಹೊದಿಕೆಗಳನ್ನು ಮಡಿಸುವುದು. ಒಗೆಯುವುದಕ್ಕೆ ಯಂತ್ರವಿತ್ತು, ಒಣಗಿಸುವುದಕ್ಕೂ ಇತ್ತು. ಮಡಿಸುವುದಕ್ಕೂ ಒಂದು ಯಂತ್ರ ತಂದಿದ್ದರಂತೆ. ಅದು ಕೆಟ್ಟುಹೋಗಿ, ಅದರ ಮೇಲೆ ಈಗ ಮಡಿಸಿದ ಬಟ್ಟೆ ಇಡುತ್ತಿದ್ದರು. ಹಾಗಾಗಿ ಇಬ್ಬರು ಹೆಂಗಸರು ಎದುರೆದುರು ನಿಂತು, ಹೊದಿಕೆಯ ನಾಲ್ಕು ಮೂಲೆ ಹಿಡಿದು, ಹಿಂದೆ ಸರಿದು ಒಮ್ಮೆ ಝಾಡಿಸಿ, ಮುಂದೆ ಬಂದು ಮೂಲೆಗೆ ಮೂಲೆ ಸೇರಿಸಬೇಕು. ಮತ್ತೆ ಹಿಂದೆ, ಮತ್ತೆ ಮುಂದೆ. ದೂರದಿಂದ ನೋಡಿದವರಿಗೆ ಇದು ಕುಣಿತದ ಹಾಗೆ ಕಾಣಬಹುದು. ದೂರದಿಂದ ನೋಡಿದರೆ ಎಲ್ಲ ಕೆಲಸವೂ ಹಾಗೇ.

ಅವಳ ಜೋಡಿ ಪುಟಾಣಿ ಎಂಬಾಕೆ. ಹೆಸರಿಗೆ ತಕ್ಕಂತೆ ಕುಳ್ಳಿ. ಹೊದಿಕೆ ಯಾವಾಗಲೂ ಆ ಕಡೆಗೆ ಇಳಿಜಾರಾಗಿರುತ್ತಿತ್ತು. ಅಲ್ಲಿ ಯಾರೂ ಬರೆದಿಡದ ಒಂದು ಮರ್ಯಾದೆ ಇತ್ತು: ಇನ್ನೊಬ್ಬರು ಮಡಿಸಿದ್ದನ್ನು ಬಿಚ್ಚಬಾರದು. ಮಡಿಕೆ ಸೊಟ್ಟಗಿದ್ದರೆ ಅದರ ಮೇಲೆ ನಿಮ್ಮ ನೆಟ್ಟಗಿನ ಮಡಿಕೆಯನ್ನಿಟ್ಟು ಸುಮ್ಮನಾಗಿ. ನೋಡಿದವರಿಗೆ ಅರ್ಥವಾಗುತ್ತದೆ. ಆದರೆ ಅವರ ಕಣ್ಣೆದುರೇ ಬಿಚ್ಚಿದಿರೋ, ಅದು ಕೆನ್ನೆಗೆ ಹೊಡೆದಂತೆ.

ಹೀಗೆ ನಿಂತು ನಿಂತು ದೊಡ್ಡಕ್ಕನ ಮೊಣಕಾಲ ಕೆಳಗೆ ನರಗಳು ಊದಿಕೊಂಡು ಭೂಪಟದ ನದಿಗಳಂತೆ ಕಾಣತೊಡಗಿದವು. ವೈದ್ಯರು, "ಜಾಸ್ತಿ ಹೊತ್ತು ನಿಲ್ಲಬೇಡಮ್ಮ" ಎಂದರು. ಈ ಸಲಹೆಯನ್ನು ಅವಳು ನಿಂತೇ ಕೇಳಿದಳು. ಅಲ್ಲಿದ್ದ ಇನ್ನೊಂದು ಕುರ್ಚಿಯ ಮೇಲೆ ವೈದ್ಯರ ಚೀಲ ಕುಳಿತಿತ್ತು.

ಬಟ್ಟೆ ವಿಭಾಗದಲ್ಲಿ ಕೂತು ಮಾಡುವ ಕೆಲಸ ಒಂದೇ ಒಂದು: ಉಗ್ರಾಣದ ಮೇಜು. ಯಾವ ವಾರ್ಡಿಗೆ ಎಷ್ಟು ಹೊದಿಕೆ ಹೋಯಿತು, ಎಷ್ಟು ಬಂತು ಎಂದು ನೋಡಿಕೊಳ್ಳುವ ಜಾಗ. ಅಲ್ಲಿದ್ದವರು ನಿವೃತ್ತಿಗೆ ಹತ್ತಿರವಿದ್ದರು. ಆದರೆ ಆ ಕೆಲಸಕ್ಕೆ ಪದವಿ ಬೇಕು ಎಂದು ನಿಯಮವಿತ್ತು. ನಿಲ್ಲುವುದಕ್ಕೆ ಏನೂ ಬೇಡ, ಕೂರುವುದಕ್ಕೆ ಪದವಿ ಬೇಕು. ದೊಡ್ಡಕ್ಕ ಸಂಜೆ ಕಾಲೇಜಿಗೆ ಸೇರಿದಳು.

ಗಂಡ ಬಸ್ಸಿನ ಚಾಲಕ. ಅವನದು ತದ್ವಿರುದ್ಧ ಕಷ್ಟ.

"ಪದವಿ ಓದಿ ಕೂರ್ತಾಳಂತೆ!" ಎನ್ನುತ್ತಿದ್ದ ಸೊಂಟಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತ. "ನಾನು ಓದದೇನೇ ಕೂತು ಕೂತು ಸತ್ತೋಗಿದೀನಿ, ಕಾಣ್ತಿಲ್ವಾ? ನನ್ನ ಕೇಳಿದ್ರೆ ನಿಂತು ಮಾಡೋ ಕೆಲ್ಸಾನೇ ಪುಣ್ಯ."

"ಹಾಗಾದ್ರೆ ಒಂದಿನ ನನ್ನ ಕಾಲು ಇಟ್ಕೊಳ್ಳಿ, ನಿಮ್ಮ ಸೊಂಟ ನಂಗೆ ಕೊಡಿ."

"ಬೇಡಪ್ಪಾ. ಗೊತ್ತಿರೋ ನೋವೇ ವಾಸಿ."

ಎಲ್ಲ ವಿಷಯಗಳಲ್ಲೂ ಅವಳು ಹೇಗೋ ಪಾಸಾದಳು. ಉಳಿದದ್ದು ಒಂದೇ, ಗುಂಪಿನಲ್ಲಿ ಬರೆಯಬೇಕಾದ ಒಂದು ವರದಿ. ನಾಲ್ಕು ಜನ ಸೇರಿ, ಆನ್‌ಲೈನಿನಲ್ಲಿ ಒಂದೇ ಕಡತ ತೆರೆದುಕೊಂಡು, ಅವರವರ ಮನೆಯಲ್ಲೇ ಇದ್ದು ಬರೆಯಬೇಕು. ಅದರಲ್ಲಿ ಫೇಲಾದರೆ ಮುಂದಿನ ವರ್ಷವೇ. ಕುರ್ಚಿ ಅಲ್ಲಿಯವರೆಗೆ ಖಾಲಿ ಕುಳಿತು ಕಾಯುವುದಿಲ್ಲ. ಮೇಲಿನವರೊಬ್ಬರ ಷಡ್ಡಕನ ಮಗ ಆಗಲೇ ಪದವಿ ಹಿಡಿದು ಓಡಾಡುತ್ತಿದ್ದಾನೆ ಎಂದು ಪುಟಾಣಿ ಸುದ್ದಿ ತಂದಿದ್ದಳು.

ಗುಂಪು ಹೀಗಿತ್ತು. ಮೊದಲನೆಯವರು ವಿಮೆಯ ಏಜೆಂಟರು. ಸೆಖೆಯಲ್ಲೂ ಟೈ ಕಟ್ಟುವವರು. ಮೊದಲ ದಿನವೇ ಕಡತ ತೆರೆದು, ಮುಖಪುಟದಲ್ಲಿ ದಪ್ಪಕ್ಷರದಲ್ಲಿ ತಮ್ಮ ಹೆಸರು ಹಾಕಿ, ಕೆಳಗೆ 'ಪ್ರಧಾನ ಸಂಯೋಜಕರು' ಎಂದು ಬರೆದುಕೊಂಡರು. ಉಪ ಸಂಯೋಜಕರು ಯಾರೂ ಇಲ್ಲದಿದ್ದುದರಿಂದ ಇವರು ಯಾವುದರಲ್ಲಿ ಪ್ರಧಾನ ಎಂಬುದು ತಿಳಿಯಲಿಲ್ಲ. ಎರಡನೆಯವಳು ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಗುಂಪಿನಲ್ಲಿ ಯಾರು ಏನು ಕೇಳಿದರೂ ಅವಳ ಉತ್ತರ ಎತ್ತಿದ ಹೆಬ್ಬೆರಳಿನ ಚಿತ್ರ. 'ನೀನು ಯಾವ ಭಾಗ ಬರೀತೀಯ?' ಹೆಬ್ಬೆರಳು. 'ಬರೆದಾಯ್ತಾ?' ಹೆಬ್ಬೆರಳು. ಪದವಿಯ ಕೊನೆಯ ವರ್ಷದಲ್ಲಿ ಆಕೆಗೆ 'ಹೆಬ್ಬೆಟ್ಟು' ಎಂಬ ಹೆಸರು ಬಿತ್ತು. ಮೂರನೆಯವನು ಕಾಣೆ. ಹೆಸರಿತ್ತು, ಮುಖ ಯಾರೂ ಕಂಡಿರಲಿಲ್ಲ. ಬ್ರೆಡ್ ಕಾರ್ಖಾನೆಯಲ್ಲಿ ಒಲೆಯ ಮುಂದೆ ಕೆಲಸವಂತೆ ಎಂದಷ್ಟೇ ಗೊತ್ತಿತ್ತು. ನಾಲ್ಕನೆಯವಳು ದೊಡ್ಡಕ್ಕ.

ವರದಿಯ ವಿಷಯ: 'ಸರದಿ ಸಾಲುಗಳ ನಿರ್ವಹಣೆ'. ಪ್ರಧಾನ ಸಂಯೋಜಕರು ಕೆಲಸ ಹಂಚಿದರು. ತಮಗೆ ಮುನ್ನುಡಿ, ಕೃತಜ್ಞತೆ ಮತ್ತು 'ಒಟ್ಟಾರೆ ದೃಷ್ಟಿಕೋನ'. ಹೆಬ್ಬೆಟ್ಟಿಗೆ ಚಿತ್ರಪಟಗಳು. ಕಾಣೆಗೆ ಉಪಸಂಹಾರ. ದೊಡ್ಡಕ್ಕನಿಗೆ ಕ್ಷೇತ್ರಕಾರ್ಯ, ಅಂದರೆ ವಿದ್ಯುತ್ ಕಚೇರಿಯ ಸಾಲಿನಲ್ಲಿ ನಿಂತು ನೋಡಿ ಬರುವುದು.

ಕೂರುವ ಕೆಲಸ ಸಿಗಬೇಕಾದರೆ ಇನ್ನಷ್ಟು ನಿಲ್ಲಬೇಕು ಎಂಬುದು ದೊಡ್ಡಕ್ಕನಿಗೆ ಅರ್ಥವಾಯಿತು. ರಜೆಯ ದಿನ ಹೋಗಿ ನಿಂತಳು. ಸಾಲು ಆಮೆಗಿಂತ ನಿಧಾನ. ಮುಂದಿದ್ದವರು ನೆಲದ ಮೇಲೆ ಚೀಲವಿಟ್ಟು, "ಇದು ನಾನು ಅನ್ಕೊಳಿ" ಎಂದು ಹೇಳಿ ಹೊರಗೆ ಹೋದರು. ಸಾಲು ಸರಿದಾಗಲೆಲ್ಲ ದೊಡ್ಡಕ್ಕ ಆ ಚೀಲವನ್ನೂ ಕಾಲಿನಿಂದ ಮುಂದೆ ತಳ್ಳುತ್ತ ಹೋದಳು. ಕೊನೆಗೆ ಕಿಟಕಿ ಬಂತು.

"ಬಿಲ್ ಕೊಡೀಮ್ಮ," ಎಂದ ಗುಮಾಸ್ತ.

"ಬಿಲ್ ಇಲ್ಲ."

"ಮತ್ತೇನು ಬೇಕು?"

"ಏನೂ ಬೇಡ. ಸುಮ್ನೆ ನಿಂತಿದ್ದೆ."

ಹಿಂದಿನಿಂದ ಬಂದ ಮಾತುಗಳನ್ನು ವರದಿಯಲ್ಲಿ ಬರೆಯುವ ಹಾಗಿರಲಿಲ್ಲ.

ಮನೆಗೆ ಬಂದು ಕಾಲು ಚಾಚಿಕೊಂಡು ಮೊಬೈಲಿನಲ್ಲಿ ಕಡತ ತೆರೆದರೆ, ಕ್ಷೇತ್ರಕಾರ್ಯದ ಭಾಗದಲ್ಲಿ ಪ್ರಧಾನ ಸಂಯೋಜಕರು ಆಗಲೇ ಬರೆದುಬಿಟ್ಟಿದ್ದರು: 'ಸರದಿಯಲ್ಲಿರುವ ಗ್ರಾಹಕರು ಅತ್ಯಂತ ಸಂಯಮದಿಂದ ಹಾಗೂ ಪರಸ್ಪರ ಗೌರವದಿಂದ ಕಾಯುತ್ತಾರೆ.' ಅವರು ಅದನ್ನು ಮನೆಯ ಸೋಫಾದಿಂದ ಗಮನಿಸಿದ್ದರು.

ಅಳಿಸಬಹುದಿತ್ತು. ಬೆರಳು ಒತ್ತಿದರೆ ಆಯಿತು. ಆದರೆ ದೊಡ್ಡಕ್ಕನಿಗೆ ಅದು ಕಣ್ಣೆದುರೇ ಮಡಿಕೆ ಬಿಚ್ಚಿದಂತೆ. ಅದೂ ಟೈ ಕಟ್ಟಿದವರದು. ಆದ್ದರಿಂದ ಅವಳು ಬದಿಯಲ್ಲಿ ಟಿಪ್ಪಣಿ ಹಾಕಿದಳು: 'ಸಾರ್, ಸಂಯಮ ಕಾಣಲಿಲ್ಲ. ನೋಡಿ.' ಸ್ವಲ್ಪ ಹೊತ್ತಿಗೆ ಪ್ರಧಾನ ಸಂಯೋಜಕರು ಅದರ ಪಕ್ಕದ ಸರಿ ಗುರುತನ್ನು ಒತ್ತಿದರು. ಟಿಪ್ಪಣಿ ಮಾಯವಾಯಿತು. 'ಪರಿಹರಿಸಲಾಗಿದೆ' ಎಂದಿತು ಮೊಬೈಲು. ವಾಕ್ಯ ಇದ್ದಲ್ಲೇ ಇತ್ತು. ಇನ್ನೊಂದು ಟಿಪ್ಪಣಿ ಹಾಕಿದಳು. ಅದನ್ನೂ ಪರಿಹರಿಸಲಾಯಿತು.

"ರೀ, ಏನೂ ಸರಿ ಮಾಡದೇನೇ 'ಪರಿಹರಿಸಲಾಗಿದೆ' ಅಂತ ಬರುತ್ತಲ್ರೀ," ಎಂದಳು ಗಂಡನಿಗೆ.

ಅವನಿಗೆ ಆಶ್ಚರ್ಯವಾಗಲಿಲ್ಲ. "ನಮ್ಮ ಡಿಪೋದಲ್ಲೂ ಅದೇ ಕಣೇ. ಬ್ರೇಕ್ ಹಿಡೀತಿಲ್ಲ ಅಂತ ಹೇಳಿದ್ರೆ 'ಗಮನಿಸಲಾಗಿದೆ' ಅಂತಾರೆ. ಗಮನಿಸಿದ ತಕ್ಷಣ ಬ್ರೇಕು ಹಿಡಿಯುತ್ತಾ?"

ಬದಿಯಲ್ಲಿ ಬರೆದರೆ ಮಾಯವಾಗುತ್ತದೆ, ಅಳಿಸಿದರೆ ಮರ್ಯಾದೆ ಹೋಗುತ್ತದೆ. ಹಾಗಾಗಿ ಅವಳು ಗೊತ್ತಿದ್ದ ದಾರಿಯನ್ನೇ ಹಿಡಿದಳು. ಅವರ ಸೊಟ್ಟ ಮಡಿಕೆಯ ಮೇಲೆ ತನ್ನ ನೆಟ್ಟಗಿನ ಮಡಿಕೆ. ವರದಿಯೊಳಗೇ, ಅವರ ವಾಕ್ಯದ ಪಕ್ಕದಲ್ಲೇ ಬರೆದಳು: 'ತಪ್ಪು ತಿಳಿಯಬೇಡಿ ಸಾರ್, ಸಂಯಮದಿಂದ ಇರುವುದಿಲ್ಲ, ನಾನು ನಿಂತು ನೋಡಿ ಬಂದೆ. ಚೀಲ ಇಟ್ಟು ಹೋಗುತ್ತಾರೆ. ಸರಿ ಅನ್ನಿಸಿದರೆ ಮಾತ್ರ ಇಟ್ಟುಕೊಳ್ಳಿ.' ಮುಂದಿನ ವಾಕ್ಯಕ್ಕೂ ಹೀಗೇ. ಅದರ ಮುಂದಿನದಕ್ಕೂ. ಹೆಬ್ಬೆಟ್ಟಿನ ಚಿತ್ರಪಟದ ಕೆಳಗೆ, 'ಪುಟ್ಟಾ, ಇದು ತಲೆಕೆಳಗಾಗಿದೆಯೇನೋ, ಬೇಜಾರಾಗಬೇಡ' ಎಂದು ಸೇರಿಸಿದಳು. ಉತ್ತರವಾಗಿ ಹೆಬ್ಬೆರಳು ಬಂತು. ಚಿತ್ರಪಟ ತಲೆಕೆಳಗಾಗಿಯೇ ಉಳಿಯಿತು.

ಯಾರಾದರೂ ಕೊನೆಗೆ ಓದಿ, ಬೇಕಾದ್ದನ್ನು ಇಟ್ಟು, ಬೇಡವಾದ್ದನ್ನು ತೆಗೆಯುತ್ತಾರೆ ಎಂದು ಅವಳ ನಂಬಿಕೆ. ಎಲ್ಲರ ನಂಬಿಕೆಯೂ ಅದೇ ಆಗಿತ್ತು. ಆ ಯಾರಾದರೂ ಎಂಬಾತ ಮಾತ್ರ ಗುಂಪಿನಲ್ಲಿರಲಿಲ್ಲ. ಪ್ರಧಾನ ಸಂಯೋಜಕರು ಕೃತಜ್ಞತೆಯ ಪುಟದಲ್ಲಿ ತಮ್ಮ ಮಾವನವರಿಗೆ ವಂದನೆ ಸಲ್ಲಿಸಿ, ಅಕ್ಷರಗಳಿಗೆ ನೀಲಿ ಬಣ್ಣ ಬಳಿದು, ಒಳಗೆ ಏನಿದೆಯೆಂದು ತಿರುವಿಯೂ ನೋಡದೆ ವರದಿಯನ್ನು ಸಲ್ಲಿಸಿದರು.

ಅಧ್ಯಾಪಕಿ ಮೂವರನ್ನು ಕರೆಸಿದರು. ಕಾಣೆ ಎಂದಿನಂತೆ ಕಾಣೆಯಾಗಿದ್ದ. ಮೇಡಂ ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು:

"'ಸಾಲಿನಲ್ಲಿ ನಿಲ್ಲುವುದು ನಾಗರಿಕ ಪ್ರಜ್ಞೆಯ ಸಂಕೇತ. ತಪ್ಪು ತಿಳಿಯಬೇಡಿ ಸಾರ್, ಸಂಕೇತ ಏನೂ ಅಲ್ಲ, ಬೇರೆ ದಾರಿ ಇಲ್ಲದೆ ನಿಲ್ಲುತ್ತಾರೆ.' ಇದು ವರದೀನೋ ಜಗಳಾನೋ?"

"ಜಗಳ ಅಲ್ಲ ಮೇಡಂ," ಎಂದಳು ದೊಡ್ಡಕ್ಕ. "ಮರ್ಯಾದೆ."

"ಯಾರ ಮರ್ಯಾದೆ?"

ದೊಡ್ಡಕ್ಕ ಪ್ರಧಾನ ಸಂಯೋಜಕರ ಕಡೆ ನೋಡಿದಳು. ಅವರು ಟೈ ಸಡಿಲ ಮಾಡಿಕೊಳ್ಳುತ್ತಿದ್ದರು.

"ಮೇಡಂ, ಸಂಯೋಜನೆಯ ದೃಷ್ಟಿಯಿಂದ ನೋಡಿದ್ರೆ..." ಎಂದು ಶುರು ಮಾಡಿದರು.

"ಯಾವ ದೃಷ್ಟಿಯಿಂದ ನೋಡಿದ್ರೂ ಎರಡೆರಡು ಸಲ ಕಾಣ್ತಿದೆ," ಎಂದರು ಮೇಡಂ. ಅವರೂ ದಣಿದಿದ್ದರು, ಮೇಜಿನ ಮೇಲೆ ಇಂಥ ಗುಂಪುಗಳ ರಾಶಿಯೇ ಇತ್ತು. "ನೋಡಿ, ಫೇಲ್ ಮಾಡಿದ್ರೆ ಮುಂದಿನ ವರ್ಷ ನಿಮ್ಮನ್ನ ಮತ್ತೆ ನಾನೇ ಓದಬೇಕು. ಶನಿವಾರ ಕಂಪ್ಯೂಟರ್ ಕೋಣೆ ಖಾಲಿ ಇರುತ್ತೆ. ನಾಲ್ಕೂ ಜನ ಬಂದು ಕೂತು, ಒಂದು ವಿಷಯ ಒಂದೇ ಸಲ ಇರೋ ಹಾಗೆ ಮಾಡಿ ಕೊಡಿ. ಒಬ್ಬರು ಕಮ್ಮಿ ಆದ್ರೂ ಎಲ್ಲರೂ ಫೇಲ್."

ಕಾಣೆಯನ್ನು ಹುಡುಕುವ ಕೆಲಸ ದೊಡ್ಡಕ್ಕನಿಗೇ ಬಂತು. ಅದೂ ಕ್ಷೇತ್ರಕಾರ್ಯ ತಾನೇ. ಬ್ರೆಡ್ ಕಾರ್ಖಾನೆಯ ಬಾಗಿಲಲ್ಲಿ ಅವಳು ಕಾದು ನಿಂತಳು. ಹೊರಗೆ ಬಂದವನು ಕಟ್ಟುಮಸ್ತಾದ ಆಳು, ಹುಬ್ಬಿನ ಮೇಲೆಲ್ಲ ಹಿಟ್ಟು, ಕಣ್ಣು ಮಾತ್ರ ಕೆಂಪು.

"ತಮ್ಮಾ, ನಿನ್ನ ಉಪಸಂಹಾರ ಎಲ್ಲಪ್ಪಾ?"

"ಅಕ್ಕಾ, ಬರೀಬೇಕು ಅಂತ್ಲೇ ದಿನಾ ಮೊಬೈಲ್ ತೆಗೀತೀನಿ. ತೆಗೆದಿದ್ದು ನೆನಪಿರುತ್ತೆ. ಆಮೇಲೆ ಎದ್ದಿದ್ದು ನೆನಪಿರುತ್ತೆ."

ಅವಳಿಗೆ ಬೈಯಲು ಬಾಯಿ ಬರಲಿಲ್ಲ. "ಶನಿವಾರ ಬಂದು ಕೂತ್ಕೋ ಸಾಕು," ಎಂದಳು. "ನಂಗೊಂದು ಕುರ್ಚಿ ಸಿಗೋದಿದೆ."

ಅವನಿಗೆ ಅರ್ಥವಾಗಲಿಲ್ಲ. ಆದರೂ ಬಂದ.

ಕಂಪ್ಯೂಟರ್ ಕೋಣೆಯಲ್ಲಿ ನಾಲ್ವರೂ ಸಾಲಾಗಿ ಕುಳಿತರು. ಒಂದೇ ಕಡತ ನಾಲ್ಕು ಪರದೆಯ ಮೇಲೆ ತೆರೆದುಕೊಂಡಿತು. ಒಬ್ಬೊಬ್ಬರ ಹೆಸರು ಹೊತ್ತ ಬಣ್ಣದ ಗೆರೆ ಅಕ್ಷರಗಳ ನಡುವೆ ಮಿಣುಕುತ್ತಿತ್ತು. ಪ್ರಧಾನ ಸಂಯೋಜಕರದು ಕೆಂಪು, ಹೆಬ್ಬೆಟ್ಟಿನದು ಹಸಿರು, ದೊಡ್ಡಕ್ಕನದು ನೇರಳೆ. ಇಷ್ಟು ದಿನ ಬೇರೆ ಬೇರೆ ಮನೆಗಳಲ್ಲಿದ್ದು ಒಂದೇ ಹಾಳೆಯಲ್ಲಿ ಬರೆಯಲಾಗದವರು ಈಗ ಮೊಣಕೈಗೆ ಮೊಣಕೈ ತಾಗುವಂತೆ ಕುಳಿತಿದ್ದರು. ಆದರೂ ಯಾರೂ ಏನನ್ನೂ ಮುಟ್ಟಲಿಲ್ಲ. ಗೆರೆಗಳು ಮಿಣುಕುತ್ತಲೇ ಇದ್ದವು.

"ಶುರು ಮಾಡೋಣ," ಎಂದರು ಪ್ರಧಾನ ಸಂಯೋಜಕರು. ಮಾಡಲಿಲ್ಲ.

ದೊಡ್ಡಕ್ಕನ ನೇರಳೆ ಗೆರೆ ಅವರ ಮೊದಲ ವಾಕ್ಯದ ಕೊನೆಗೆ ಹೋಗಿ ನಿಂತಿತು. ಅವಳ ಬೆರಳು ಅಳಿಸುವ ಕೀಲಿಯ ಮೇಲಿತ್ತು.

"ಸಾರ್, ಬಿಚ್ಚಲಾ?"

"ಏನು ಬಿಚ್ಚೋದು?" ಅವರು ಗಾಬರಿಯಿಂದ ಟೈ ಹಿಡಿದುಕೊಂಡರು.

"ನಿಮ್ಮ ವಾಕ್ಯ. ನಮ್ಮ ಕಡೆ ಇನ್ನೊಬ್ಬರು ಮಡಿಸಿದ್ದನ್ನ ಬಿಚ್ಚಲ್ಲ. ಅದಕ್ಕೇ ಪಕ್ಕದಲ್ಲಿ ಬರೀತಾ ಹೋದೆ."

ಪ್ರಧಾನ ಸಂಯೋಜಕರು ಟೈ ಬಿಟ್ಟರು. "ಅಯ್ಯೋ ಅಕ್ಕಾ, ನಾನು ಅದನ್ನ ಮೊಂಡುತನ ಅನ್ಕೊಂಡಿದ್ದೆ. ಹಿಂಗೆ ಒಂದೊಂದು ಸಾಲಿಗೂ 'ತಪ್ಪು ತಿಳಿಯಬೇಡಿ' ಅಂದ್ರೆ ಯಾರು ತಾನೇ ತಪ್ಪು ತಿಳಿಯಲ್ಲ?"

"ಹಾಗಾದ್ರೆ ಬಿಚ್ಚಲಾ?"

"ಬಿಚ್ಚಿ."

ಒತ್ತಿದಳು. 'ಸಂಯಮ' ಹಿಂದಿನಿಂದ ಒಂದೊಂದೇ ಅಕ್ಷರವಾಗಿ ಹೋಯಿತು. ಆಕಾಶವೇನೂ ಬೀಳಲಿಲ್ಲ. ಪಕ್ಕದ 'ತಪ್ಪು ತಿಳಿಯಬೇಡಿ'ಯನ್ನು ಪ್ರಧಾನ ಸಂಯೋಜಕರೇ ಅಳಿಸಿದರು. ಮುಂದಿನ ವಾಕ್ಯಕ್ಕೂ "ಬಿಚ್ಚಲಾ?", "ಬಿಚ್ಚಿ". ಹೀಗೆ ಒಬ್ಬರು ಆ ತುದಿಯಿಂದ, ಒಬ್ಬರು ಈ ತುದಿಯಿಂದ ಬಂದು ನಡುವೆ ಸೇರಿ, ಮತ್ತೆ ಮುಂದಿನ ಸಾಲಿಗೆ ಸರಿದರು. ಅವಳ ಭುಜಗಳಿಗೆ ಈ ಲಯ ಗೊತ್ತಿತ್ತು.

ಕೃತಜ್ಞತೆಯ ಪುಟ ಬಂದಾಗ ಕೆಲಸ ನಿಂತಿತು. "ಮಾವನವರ ಹೆಸರು ಇರ್ಲಿ," ಎಂದರು ಪ್ರಧಾನ ಸಂಯೋಜಕರು. "ಅವರಿಗೆ ಆಗಲೇ ತೋರಿಸಿಬಿಟ್ಟಿದೀನಿ."

ಆಗ ಹೆಬ್ಬೆಟ್ಟು ಬಾಯಿ ತೆರೆದಳು. ಆ ಗುಂಪು ಅವಳ ದನಿ ಕೇಳಿದ್ದು ಅದೇ ಮೊದಲು. "ಯಾಕೆ ಸಾರ್, ಮಾವನವ್ರೂ ಸಾಲಲ್ಲಿ ನಿಂತಿದ್ರಾ?"

ಮಾವನವರು ಹೋದರು. 'ಪ್ರಧಾನ' ಎಂಬುದನ್ನು ಸಂಯೋಜಕರೇ, ಯಾರೂ ಕೇಳದೆ, ಮೆಲ್ಲಗೆ ತೆಗೆದರು. ಹೆಬ್ಬೆಟ್ಟು ತನ್ನ ಚಿತ್ರಪಟವನ್ನು ನೆಟ್ಟಗೆ ನಿಲ್ಲಿಸಿದಳು.

ಉಪಸಂಹಾರದ ಪುಟಕ್ಕೆ ಬಂದರೆ ಅಲ್ಲಿ ಹಳದಿ ಗೆರೆಯೊಂದು ಓಡುತ್ತಿತ್ತು. 'ಸರದಿ ಸಾಲು ಎಂದರೆ' ಎಂದು ಶುರುವಾಗಿ, ಆಮೇಲೆ 'ಬಬಬಬಬಬ' ಎಂದು ಸಾಲುಗಟ್ಟಲೆ, ಪುಟ ದಾಟಿ ಮುಂದಿನ ಪುಟಕ್ಕೂ. ಮೂವರೂ ತಿರುಗಿ ನೋಡಿದರು. ಕಾಣೆ ಕೀಲಿಮಣೆಯ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋಗಿದ್ದ. ಹಿಟ್ಟಿನ ಹುಬ್ಬು ಉಸಿರಿನ ಜೊತೆ ಏರಿ ಇಳಿಯುತ್ತಿತ್ತು.

"ಎಬ್ಬಿಸಿ, ಎಬ್ಬಿಸಿ," ಎಂದರು ಸಂಯೋಜಕರು.

"ಬೇಡ ಸಾರ್," ಎಂದಳು ದೊಡ್ಡಕ್ಕ. ಎದ್ದು, ಅವನ ಕೆನ್ನೆಯ ಕೆಳಗಿನಿಂದ ಕೀಲಿಮಣೆಯನ್ನು ಮೆಲ್ಲಗೆ ಎಳೆದು, ಮಡಿಸಿದ ತನ್ನ ಶಾಲನ್ನು ಅಲ್ಲಿಟ್ಟಳು. ರೋಗಿಗಳ ತಲೆ ಎತ್ತಿ ಹೊದಿಕೆ ಬದಲಾಯಿಸುವುದನ್ನು ಅವಳು ಸಾಕಷ್ಟು ನೋಡಿದ್ದಳು. "ಬಂದು ಕೂತ್ಕೋ ಸಾಕು ಅಂದಿದ್ದೆ. ಕೂತಿದಾನೆ."

'ಸರದಿ ಸಾಲು ಎಂದರೆ' ಎಂಬುದನ್ನು ಉಳಿಸಿಕೊಂಡು ಅದರ ಮುಂದೆ ಮೂವರೂ ಸೇರಿ ಉಪಸಂಹಾರ ಬರೆದರು. 'ಬ'ಗಳನ್ನು ಅಳಿಸುವಾಗ ಮಾತ್ರ ಯಾರೂ ಯಾರನ್ನೂ "ಬಿಚ್ಚಲಾ" ಎಂದು ಕೇಳಲಿಲ್ಲ.

ಪಾಸಾಯಿತು. ಅಂಚಿನಲ್ಲಿ, ಬೇಲಿ ಹಾರಿದಂತೆ, ಆದರೂ ಪಾಸು. ಷಡ್ಡಕನ ಮಗನಿಗೆ ಅಷ್ಟರಲ್ಲಿ ಇನ್ನೂ ದೊಡ್ಡ ಕುರ್ಚಿಯೊಂದು ಬೇರೆಲ್ಲೋ ಸಿಕ್ಕಿದ್ದರಿಂದ ಉಗ್ರಾಣದ ಮೇಜು ದೊಡ್ಡಕ್ಕನಿಗೆ ಬಂತು.

ಕುರ್ಚಿಗೆ ಕೈಗಳೂ ಇದ್ದವು, ಒಂದು ಅಲ್ಲಾಡುತ್ತಿತ್ತು. ಮೊದಲ ದಿನ ಯಾರು ಒಳಗೆ ಬಂದರೂ ಅವಳು ಎದ್ದು ನಿಲ್ಲುತ್ತಿದ್ದಳು. ತಳ್ಳುಗಾಡಿ ತಂದ ಪುಟಾಣಿ ಸೊಂಟದ ಮೇಲೆ ಕೈಯಿಟ್ಟು, "ಕೂತ್ಕೊಳೇ ಮಾರಾಯ್ತಿ," ಎಂದಳು. "ಇದಕ್ಕೇ ಅಲ್ವಾ ಓದಿದ್ದು? ನೀನು ಹಿಂಗೆ ಏಳ್ತಾ ಇದ್ರೆ ನಾನೇ ಹೋಗಿ ಕೂತ್ಕೋತೀನಿ ನೋಡು." ಪುಟಾಣಿಗೆ ಹೊಸ ಜೋಡಿ ಸಿಕ್ಕಿದ್ದಳು, ಅವಳಷ್ಟೇ ಕುಳ್ಳಿ. ಹೊದಿಕೆ ಈಗ ಸಮನಾಗಿ ನಿಲ್ಲುತ್ತಿತ್ತು, ನೆಲವನ್ನೂ ಗುಡಿಸುತ್ತಿತ್ತು.

ದೊಡ್ಡಕ್ಕ ಕುಳಿತು ಕಂಪ್ಯೂಟರ್ ತೆರೆದಳು. ಅಲ್ಲಿದ್ದದ್ದು ಒಂದು ಪಟ್ಟಿ. ಎಲ್ಲ ವಾರ್ಡುಗಳವರೂ ಅವರವರ ಜಾಗದಿಂದಲೇ ಒಟ್ಟಿಗೆ ತುಂಬುವ ಪಟ್ಟಿ. ಬಣ್ಣಬಣ್ಣದ ಗೆರೆಗಳು ಮಿಣುಕುತ್ತಿದ್ದವು. ಅವಳು ಕಣ್ಣು ಮುಚ್ಚಿಕೊಂಡಳು. ತೆರೆದಾಗಲೂ ಇದ್ದವು.

ಹೆರಿಗೆ ವಾರ್ಡಿನವರು ಇರುವ ಮಂಚಗಳ ಹತ್ತು ಪಟ್ಟು ಹೊದಿಕೆ ಬೇಕೆಂದು ಬರೆದಿದ್ದರು; ಒಂದು ಸೊನ್ನೆ ಜಾಸ್ತಿ ಬಿದ್ದಿತ್ತು. ಅವಳ ಬೆರಳು ಅಭ್ಯಾಸದಂತೆ ಪಕ್ಕದ ಖಾನೆಗೆ ಹೋಗಿ 'ತಪ್ಪು' ಎಂದು ಬರೆದೂ ಬಿಟ್ಟಿತು. ನಿಂತಳು. 'ತಪ್ಪು' ಅಳಿಸಿದಳು. ಆಮೇಲೆ ಸೊನ್ನೆಯನ್ನೂ ಅಳಿಸಿದಳು. ಮರುಕ್ಷಣವೇ ಫೋನು ಹೊಡೆದುಕೊಂಡಿತು.

"ಯಾರ್ರೀ ಅದು ನಮ್ಮ ಸೊನ್ನೆ ತೆಗೆದಿದ್ದು?"

"ನಾನು ಸಿಸ್ಟರ್, ಉಗ್ರಾಣದಿಂದ. ಅಷ್ಟು ಹೊದಿಕೆ ಈ ಆಸ್ಪತ್ರೇಲೇ ಇಲ್ಲ."

"ಸರಿ ಬಿಡಿ. ಹೇಳಿ ತೆಗೀಬಾರ್ದಾ?"

"ಹೇಳ್ತಿದ್ದೆ," ಎಂದಳು ದೊಡ್ಡಕ್ಕ. "ಹೇಳಿದ್ರೆ 'ಪರಿಹರಿಸಲಾಗಿದೆ' ಅಂತ ಬಂದ್ಬಿಡುತ್ತೆ, ಸೊನ್ನೆ ಅಲ್ಲೇ ಇರುತ್ತೆ."

ಸಂಜೆ ಮನೆಗೆ ಬಂದು ಬಾಗಿಲಲ್ಲೇ ಗೋಡೆ ಹಿಡಿದು ನಿಂತಳು. ಗಂಡ ಎಣ್ಣೆಯ ಬಟ್ಟಲು ಹಿಡಿದು ಕುಳಿತಿದ್ದವನು ಕತ್ತೆತ್ತಿ ನೋಡಿದ.

"ಏನಮ್ಮಾ, ಕೂತು ಬಂದ್ಯಾ? ಕಾಲು ಹೇಗಿದೆ?"

"ಹಾಗೇ ನೋಯ್ತಿದೆ. ಅದಕ್ಕಿನ್ನೂ ಸುದ್ದಿ ಮುಟ್ಟಿಲ್ಲ ಅನ್ಸುತ್ತೆ." ಒಂದು ಕೈಯನ್ನು ಸೊಂಟದ ಹಿಂದೆ ಒತ್ತಿಕೊಂಡು ಅವಳು ಮೆಲ್ಲಗೆ ಒಳಗೆ ಬಂದಳು. "ಆದ್ರೆ ಇಲ್ಲಿ, ಬೆನ್ನ ಕೆಳಗೆ, ಏನೋ ಹಿಡ್ಕೊಂಡ ಹಾಗಿದೆ ಕಣ್ರೀ."

ಗಂಡ ಬಹಳ ದಿನಗಳ ಮೇಲೆ ಮನಸಾರೆ ನಕ್ಕ. ನಕ್ಕಿದ್ದಕ್ಕೆ ಅವನ ಸೊಂಟವೂ ನೋಯಿತು. ಸ್ವಲ್ಪ ಪಕ್ಕಕ್ಕೆ ಸರಿದು, ಎಣ್ಣೆಯ ಬಟ್ಟಲನ್ನು ಇಬ್ಬರ ನಡುವೆ ಇಟ್ಟ.

"ಬಾ, ಕೂತ್ಕೋ," ಎಂದ. ಆಮೇಲೆ ಯೋಚಿಸಿ, "ಅಥವಾ ಬೇಡ, ಸ್ವಲ್ಪ ಹೊತ್ತು ನಿಂತೇ ಇರು," ಎಂದ.